ಹೇಳಲು ಬಂದ ಮಗುವನ್ನು ಚಾಡಿಕೋರ ಅನ್ನಬೇಡಿ

ನಮ್ಮ ಮೂಡಿಗೆರೆ ಕಡೆ ಶಾಲೆಯಲ್ಲಿ ಓದಿದವರಿಗೆ ಈ ಪದ್ಧತಿ ಗೊತ್ತು. ಮೇಷ್ಟ್ರು ಹೊರಗೆ ಹೋದ ಕೂಡಲೇ ಕ್ಲಾಸ್ ಲೀಡರ್ ಎದ್ದು ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುತ್ತಾನೆ. ಆ ಪಟ್ಟಿ ನೋಡಿ ಏಟು ಕೊಡುವ ಮೇಷ್ಟ್ರೇ, ತಾನಾಗಿ ಬಂದು ಏನೋ ಹೇಳಹೊರಟ ಮಗುವಿಗೆ "ಚಾಡಿ ಹೇಳ್ಬೇಡ, ಹೋಗಿ ಕೂತ್ಕೋ" ಅಂತ ಗದರುತ್ತಾರೆ.

ದೊಡ್ಡವರಾದ ಮೇಲೂ ಇದು ಬಿಡುವುದಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ವಿಷಯ ಸಾಹುಕಾರ್ರ ಕಿವಿಗೆ ಬಿತ್ತು ಅಂದರೆ, ಅದು ನಿಜವೋ ಸುಳ್ಳೋ ನೋಡುವ ಮೊದಲೇ "ಯಾರೋ ಬತ್ತಿ ಇಟ್ಟಿದ್ದು?" ಅಂತ ಹುಡುಕಾಟ. ಕೂಲಿ ಕಡಿಮೆ ಕೊಟ್ಟರು ಎಂದವನೂ ಹೊಟ್ಟೆಕಿಚ್ಚಿಗೆ ಫಿಟ್ಟಿಂಗ್ ಇಟ್ಟವನೂ ಒಂದೇ ಲೆಕ್ಕ.

ನಾನೀಗ ಇರುವ ಮೆಲ್ಬರ್ನ್‌ನಲ್ಲೂ ಇಂಥವರನ್ನು ಕಂಡರೆ ಆಗುವುದಿಲ್ಲ. ಚಾಡಿ ಹೇಳುವವನು ಮಕ್ಕಳ ಬಾಯಲ್ಲಿ 'ಡಾಬರ್' (dobber). ಜೊತೆಗಾರನನ್ನು ಹಿಡಿದುಕೊಡುವುದು ಇಲ್ಲಿಯವರಿಗೆ ದೊಡ್ಡ ದ್ರೋಹ. ಆದರೂ ಅನೇಕ ಶಾಲೆಗಳಲ್ಲಿ ಚಿಕ್ಕ ತರಗತಿಯಲ್ಲೇ ಕೂರಿಸಿ ಹೇಳಿಕೊಡುತ್ತಾರೆ: ಒಬ್ಬರನ್ನು ಸಿಕ್ಕಿಸುವುದಕ್ಕೆ ಹೇಳಿದರೆ ಅದು ಡಾಬಿಂಗ್, ತೊಂದರೆಯಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದಕ್ಕಾದರೆ ಅಲ್ಲ, ಅದನ್ನು ಹೇಳಲೇಬೇಕು. ಆರು ವರ್ಷದ ಮಗುವಿಗೂ ಅರ್ಥವಾಗುವ ಮಾತು. ಇದನ್ನು ನಮ್ಮ ಮಕ್ಕಳಿಗೆ ಯಾಕೆ ಯಾರೂ ಹೇಳಿಕೊಡುವುದಿಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾನೂನಿನಲ್ಲಿ ನಾವೇನೂ ಹಿಂದಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ದೊಡ್ಡವರು ಮುಚ್ಚಿಟ್ಟರೆ 21ನೇ ಸೆಕ್ಷನ್ನಿನಲ್ಲಿ ಶಿಕ್ಷೆಯೂ ಇದೆ. ಕಷ್ಟದಲ್ಲಿರುವ ಮಗು ತಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಆದರೆ ಹಾಸ್ಟೆಲಿನಲ್ಲಿ ಪೆಟ್ಟು ತಿನ್ನುತ್ತಿರುವ ಗೆಳೆಯನ ಪರವಾಗಿ ಬಂದ ಹುಡುಗನ ಮೊದಲ ಮಾತನ್ನೇ ಚಾಡಿ ಅಂತ ತುಂಡರಿಸಿದರೆ, ಮುಂದೆ ಅವನು ಆ ನಂಬರ್ ಒತ್ತುತ್ತಾನಾ?

ಹೇಳಿದ್ದನ್ನೆಲ್ಲ ನಂಬಿಬಿಡಿ ಅಂತ ನಾನು ಅನ್ನುತ್ತಿಲ್ಲ. ಹಾಗೆ ನಂಬುವವರಿಗೆ ಹಿತ್ತಾಳೆ ಕಿವಿ ಅಂತ ಹೆಸರಿಟ್ಟು, ಕೇಳಿಸಿಕೊಳ್ಳುವವರ ಮೇಲೂ ಹೊಣೆ ಹೊರಿಸಿದ್ದಾರೆ ನಮ್ಮ ಹಿರಿಯರು. ಆ ಹೊಣೆ ಮೇಷ್ಟ್ರದ್ದು, ವಾರ್ಡನ್‌ದು, ಸಾಹುಕಾರ್ರದ್ದು. ಚಿಕ್ಕಮಗಳೂರು, ಹಾಸನದ ಶಾಲೆಗಳಲ್ಲಿ ಬೋರ್ಡಿನ ಮೇಲೆ ಹೆಸರು ಬರೆಸುವುದನ್ನು ಮೊದಲು ನಿಲ್ಲಿಸಿ. ಮಗು ಹೇಳಲು ಬಂದಾಗ "ಯಾರಿಗೆ ಏನಾಯ್ತು ಪುಟ್ಟ?" ಅಂತ ಕೇಳಿ, ಪೂರ್ತಿ ಹೇಳಲು ಬಿಡಿ.