ಸಾರಳು ಎಲ್ಲಿ?

ಒಮಾನಿನ ನಿಜ್ವಾ ಪಟ್ಟಣದ ಸಮೀಪದ ಹಳ್ಳಿಯಲ್ಲಿರುವ ಸಹೋದ್ಯೋಗಿಯೊಬ್ಬರ ಮನೆಗೆ ಮೊದಲ ಸಲ ಹೋದಾಗ, ಅಲ್ಲಿಯವರು ಸಬ್ಲಾ ಎಂದು ಕರೆಯುವ ಪಡಸಾಲೆಯಲ್ಲಿ ನಮ್ಮನ್ನು ಕೂರಿಸಿ, ಮನೆಯ ಯಜಮಾನರೇ ಎಡಗೈಯಲ್ಲಿ ಕಾಫಿಯ ಹೂಜಿ ಹಿಡಿದು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಏಲಕ್ಕಿ ಹಾಕಿದ ಕಾಫಿಯನ್ನು ಅರ್ಧಕ್ಕಿಂತ ಕಡಿಮೆ ಸುರಿಯುತ್ತ, ಬಂದವರೆಲ್ಲ ಬಟ್ಟಲನ್ನು ಅಲ್ಲಾಡಿಸಿ ಸಾಕೆಂದು ತಿಳಿಸುವವರೆಗೂ ನಿಂತೇ ಇದ್ದರು. ಖರ್ಜೂರದ ತಟ್ಟೆ ಅದಕ್ಕೂ ಮೊದಲೇ ಬಂದಿತ್ತು. ನಾವು ಯಾವ ಕೆಲಸಕ್ಕೆ ಬಂದಿದ್ದೇವೆ ಎಂಬುದನ್ನು ಮಾತ್ರ ಮೂರನೆಯ ಸುತ್ತು ಮುಗಿದರೂ ಅವರು ಕೇಳಲಿಲ್ಲ. ಬೆಟಗೇರಿಯ ಕ್ರೈಸ್ತ ಮನೆಯೊಂದರಲ್ಲಿ ಬೆಳೆದ ನನಗೆ, ಅವರು ನಿಂತಿದ್ದ ರೀತಿಯನ್ನು ನೋಡುತ್ತಲೇ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 18ನೆಯ ಅಧ್ಯಾಯ ನೆನಪಾಯಿತು.

ಇಂದಿನ ಪ್ಯಾಲೆಸ್ತೀನಿನ ಹೆಬ್ರೋನಿನ ಬಳಿಯ ಮಮ್ರೇ ತೋಪಿನಲ್ಲಿ, ಬಿಸಿಲೇರಿದ ಹೊತ್ತಿನಲ್ಲಿ, ಯೆಹೂದಿ, ಕ್ರೈಸ್ತ, ಮುಸ್ಲಿಮರೆಲ್ಲ ಮೂಲಪುರುಷನೆಂದು ಗೌರವಿಸುವ ಅಬ್ರಹಾಮನು ಗುಡಾರದ ಬಾಗಿಲಲ್ಲಿ ಕುಳಿತಿದ್ದಾಗ ಮೂವರು ಅಪರಿಚಿತರು ಎದುರಿಗೆ ನಿಂತಿರುವುದನ್ನು ಕಾಣುತ್ತಾನೆ. ಹಿಂದಿನ ಅಧ್ಯಾಯದ ಲೆಕ್ಕದಂತೆ ಆಗ ಅವನಿಗೆ 99 ವರ್ಷ. ಆದರೂ ಅವರನ್ನು ಎದುರುಗೊಳ್ಳಲು ಓಡುತ್ತಾನೆ, ಹೆಂಡತಿ ಸಾರಳಿಗೆ ಹೇಳಲು ಗುಡಾರದೊಳಗೆ ಧಾವಿಸುತ್ತಾನೆ, ಕರುವನ್ನು ತರಲು ಮತ್ತೆ ಹಿಂಡಿನತ್ತ ಓಡುತ್ತಾನೆ. ಕಾಲಿಗೆ ಸ್ವಲ್ಪ ನೀರು, ತಿನ್ನಲು ಒಂದು ತುಂಡು ರೊಟ್ಟಿ ಎಂದಷ್ಟೇ ಹೇಳಿದವನು ಕೊನೆಗೆ ಬಡಿಸುವುದು ಎಳೆಯ ಕರುವಿನ ಮಾಂಸ, ಮೊಸರು ಮತ್ತು ಹಾಲು. ಅವರು ಉಣ್ಣುವಾಗ ಮರದ ಕೆಳಗೆ ತಾನು ನಿಂತಿರುತ್ತಾನೆ. ಸಜ್ಜನರು ಹೇಳುವುದು ಕಡಿಮೆ, ಮಾಡುವುದು ಹೆಚ್ಚು ಎಂದು ಯೆಹೂದಿ ಗುರುಗಳು ಈ ಭಾಗವನ್ನೇ ತೋರಿಸಿ ಕಲಿಸಿದ್ದಾರೆ.

ಕಾಲಿಗೆ ನೀರು ಕೊಡುವ ಪದ್ಧತಿಯನ್ನು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಆಮೇಲೆ ಬೆಲ್ಲದ ತುಣುಕು, ಊರು-ಕೇರಿಯ ವಿಚಾರವೆಲ್ಲ ಅದರ ನಂತರ. ಕುಳಿತುಕೊಳ್ಳಿ ಎಂದರೆ ನೆಲ ಕುಸಿದೀತೇ ಎಂದು 12ನೆಯ ಶತಮಾನದಲ್ಲೇ ಕೇಳಿದ ನಾಡು ನಮ್ಮದು. ರಜೆಗೆ ಬಂದು ಬೆಂಗಳೂರಿನಲ್ಲಿ ಗೆಳೆಯನ ಅಪಾರ್ಟ್‌ಮೆಂಟಿಗೆ ಹೋದಾಗ ಕಾವಲುಗಾರನು ಹೆಸರು, ಫೋನ್ ನಂಬರ್, ಯಾರನ್ನು ನೋಡಬೇಕು ಎಂಬುದನ್ನೆಲ್ಲ ಕೇಳಿ, ಫೋಟೋ ತೆಗೆದು, ಮೇಲಿನಿಂದ ಒಪ್ಪಿಗೆ ಬಂದ ಮೇಲೆಯೇ ಒಳಗೆ ಬಿಟ್ಟನು. ಗೆಳೆಯನು ಮೊಬೈಲಿನಲ್ಲಿ ಊಟ ತರಿಸಿದನು. ಮೊದಲನೆಯದು ನನಗೆ ಕಸಿವಿಸಿಯಾಯಿತು ನಿಜ. ಎರಡನೆಯದಕ್ಕೆ ಮೂಗು ಮುರಿಯಲು ಮಾತ್ರ ಮನಸ್ಸು ಬರಲಿಲ್ಲ. ಆ ದಿನ ಗೆಳೆಯನ ಹೆಂಡತಿಯೂ ನಮ್ಮ ಜೊತೆಯಲ್ಲೇ ಕುಳಿತು ಉಂಡರು.

ನಮ್ಮ ಮನೆಯಲ್ಲಿ ಹಾಗೆ ಎಂದೂ ನಡೆದದ್ದಿಲ್ಲ. ಭಾನುವಾರದ ಆರಾಧನೆ ಮುಗಿಸಿ ಅಪ್ಪ ನಾಲ್ಕೈದು ಜನರನ್ನು ಊಟಕ್ಕೆ ಕರೆದುಕೊಂಡೇ ಬರುತ್ತಿದ್ದರು. ಮುಂಚೆ ಹೇಳಿ ಕಳಿಸುವ ರೂಢಿ ಅವರಿಗಿರಲಿಲ್ಲ. ಅಬ್ರಹಾಮನ ಮನೆಗೇನು ಹೇಳಿ ಬಂದಿದ್ದರೇ ಎಂದು ಕೇಳುತ್ತಿದ್ದರು. ಅವ್ವ ಆಗ ಪರಾತದಲ್ಲಿ ಜೋಳದ ಹಿಟ್ಟು ಸುರಿದುಕೊಂಡು, ಕುದಿಯುವ ನೀರು ಹಾಕಿ ನಾದಿ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಲು ತೊಡಗುತ್ತಿದ್ದಳು. ಬಿಸಿ ರೊಟ್ಟಿ ಒಂದೊಂದಾಗಿ ಹೊರಗೆ ಹೋಗಬೇಕಾದ್ದರಿಂದ ಅವಳಿಗೆ ಮೇಲೇಳಲು ಆಗುತ್ತಿರಲಿಲ್ಲ. ತಟ್ಟೆ ಹಿಡಿದು ಓಡಾಡುತ್ತಿದ್ದ ನನಗೆ ಹೊರಗಿನಿಂದ ಅಬ್ರಹಾಮನ ಮಾತು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಎರಡೂ ಕೇಳುತ್ತಿದ್ದವು.

ಪರದೇಶದಲ್ಲಿ ಕುಳಿತು ಆ ಅಧ್ಯಾಯವನ್ನು ಮತ್ತೆ ಓದಿದಾಗಲೇ ಹಿಂದೆ ಗಮನಿಸದ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಾರಳಿಗೆ ಅಬ್ರಹಾಮನು ನಾದಲು ಹೇಳಿದ ಹಿಟ್ಟು ಮೂರು ಸೆಯಾ, ಅಂದರೆ ಇಂದಿನ ಅಳತೆಯಲ್ಲಿ ಸುಮಾರು 20 ಲೀಟರ್. ಮೂವರಿಗೆ ಅಷ್ಟು ಹಿಟ್ಟು! ಆದರೆ ಬಡಿಸಿದ್ದನ್ನು ಹೇಳುವ ವಾಕ್ಯದಲ್ಲಿ ಮೊಸರಿದೆ, ಹಾಲಿದೆ, ಕರುವಿನ ಮಾಂಸವಿದೆ. ರೊಟ್ಟಿಯ ಮಾತೇ ಇಲ್ಲ. ಸಾರಳು ಅಷ್ಟು ಹಿಟ್ಟು ನಾದಿದ್ದು ಏನಾಯಿತೆಂದು ಆ ವಾಕ್ಯ ತಿಳಿಸುವುದಿಲ್ಲ.

ಅದೇ ಹೆಬ್ರೋನಿನಲ್ಲಿ ಅಬ್ರಹಾಮನ ಹೆಸರಿನ ದಾಸೋಹವೊಂದು ಶತಮಾನಗಳಿಂದ ನಡೆದುಬಂದಿದೆ. 1047ರಲ್ಲಿ ಅಲ್ಲಿಗೆ ಹೋಗಿದ್ದ ಪಾರಸಿ ಪ್ರವಾಸಿ ನಾಸಿರ್ ಖುಸ್ರೋ, ಬಂದ ಪ್ರತಿಯೊಬ್ಬರಿಗೂ ಒಂದು ರೊಟ್ಟಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬೇಳೆ ಮತ್ತು ಒಣದ್ರಾಕ್ಷಿ ಕೊಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ದಿನವಿಡೀ ಬೀಸುವ ಗಿರಣಿಗಳನ್ನೂ ದಿನವಿಡೀ ರೊಟ್ಟಿ ಸುಡುವ ದಾಸಿಯರನ್ನೂ ಅವನು ಮರೆಯದೆ ದಾಖಲಿಸಿದ್ದಾನೆ. ಅಷ್ಟರ ಮಟ್ಟಿಗೆ ಅವನು ನಮ್ಮಪ್ಪನಿಗಿಂತ ಚೆನ್ನಾಗಿ ಕಣ್ಣು ತೆರೆದು ನೋಡಿದವನು.

ಒಮಾನಿನ ಆ ಮನೆಯಲ್ಲೂ ಅಡುಗೆ ಮಾಡಿದವರನ್ನು ನಾನು ನೋಡಲಿಲ್ಲ. ಹೆಂಗಸರ ವಿಚಾರವನ್ನು ಪರಗಂಡಸು ಕೇಳುವುದು ಅಲ್ಲಿ ಮರ್ಯಾದೆಯಲ್ಲ. ಒಳಕೋಣೆಯಲ್ಲಿ ಕುಳಿತು ಬಂದ ನನ್ನ ಹೆಂಡತಿ ಮಸ್ಕತ್ತಿಗೆ ಮರಳುವ ದಾರಿಯಲ್ಲಿ ಹೇಳಿದ ಮೇಲೆಯೇ, ಯಜಮಾನರ ತಾಯಿ ಮತ್ತು ಇಬ್ಬರು ಸೊಸೆಯರು ಬೆಳಗಿನ ಜಾವದಿಂದ ಒಲೆಯ ಮುಂದಿದ್ದರು ಎಂದು ತಿಳಿದದ್ದು. ಹಾಗಾಗಿ ಅವರ ಪದ್ಧತಿ ಮೇಲು, ನಮ್ಮದು ಕೀಳು ಎಂದು ನಾನು ಹೇಳಲಾರೆ. ಯಜಮಾನರು ತಾವೇ ನಿಂತು ಸುರಿದ ಕಾಫಿಯಷ್ಟೇ ನನ್ನ ಪಾಲಿಗೆ ವ್ಯತ್ಯಾಸ.

ಆದರೆ ಆದಿಕಾಂಡದ ಆ ಅತಿಥಿಗಳು ಊಟದ ನಂತರ ಆಡುವ ಮೊದಲ ಮಾತು ಒಂದು ಪ್ರಶ್ನೆ: "ನಿನ್ನ ಹೆಂಡತಿಯಾದ ಸಾರಳು ಎಲ್ಲಿ?" ಸಾರಳಿಗೆ ಮಗ ಹುಟ್ಟುವನೆಂಬ ದೇವರ ವಾಗ್ದಾನವನ್ನು ಹೇಳಲು ಅದು ಪೀಠಿಕೆ ಎಂದು ಬೋಧಕರು ವಿವರಿಸುತ್ತಾರೆ, ಅದೂ ಸರಿಯೇ. ನನಗೆ ಮಾತ್ರ ಅದು ಉಂಡವರು ಕೇಳಲೇಬೇಕಾದ ಪ್ರಶ್ನೆಯಾಗಿ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕೇಳಿದವರು ನನಗೆ ನೆನಪಿರುವಂತೆ ಒಬ್ಬರೇ. ಯಾವುದೋ ಹಳ್ಳಿಯಿಂದ ಬಂದಿದ್ದ ಆ ಮುದುಕರು ಕೈತೊಳೆದುಕೊಂಡು, ಅಡುಗೆಮನೆಯ ಹೊಸ್ತಿಲ ಬಳಿ ನಿಂತು, "ಯವ್ವಾ, ನೀ ಉಂಡಿ ಏನ?" ಎಂದು ಕೇಳಿದರು. ಅವ್ವ ಹಿಟ್ಟಿನ ಕೈಯಿಂದಲೇ ಸೆರಗು ಸರಿಪಡಿಸಿಕೊಂಡು ನಕ್ಕಳು. ಆಗ ಮಧ್ಯಾಹ್ನ ಮೂರೂವರೆಯಾಗಿತ್ತು. ಪರಾತದಲ್ಲಿ ಇನ್ನೊಂದೇ ರೊಟ್ಟಿಗಾಗುವಷ್ಟು ಹಿಟ್ಟು ಉಳಿದಿತ್ತು.