ಬೀಜಕ್ಕೆ ಪೇಟೆ, ಹಣ್ಣಿಗೆ ಗುಡ್ಡೆ

ಮೊನ್ನೆ ಊರಿಗೆ ಹೋದವ ಗುಡ್ಡೆಯ ಗೇರುಮರಗಳ ಬುಡದಲ್ಲಿ ಎರಡು ಗಂಟೆ ಬೀಜ ಹೆಕ್ಕಿದೆ. ಬಿದ್ದ ಹಣ್ಣಿನಿಂದ ಬೀಜ ತಿರುಪಿ ಬುಟ್ಟಿಗೆ ಹಾಕುವುದು, ಹಣ್ಣನ್ನು ಅಲ್ಲೇ ಬಿಸಾಡುವುದು. ಬುಟ್ಟಿ ತುಂಬುವಾಗ ಕಾಲಡಿಯಲ್ಲೆಲ್ಲ ಕೆಂಪು, ಹಳದಿ ಹಣ್ಣು, ನೊಣ, ಹುಳಿ ವಾಸನೆ. ಒಂದು ಕೆಜಿ ಬೀಜ ಸಿಗುವಲ್ಲಿ ಕಡಿಮೆಯೆಂದರೂ ಐದಾರು ಕೆಜಿ ಹಣ್ಣು ಬಿದ್ದಿರುತ್ತದೆ.

"ಹಣ್ಣು ಯಾರಿಗೆ ಬೇಕು ಮಾರಾಯ್ರೆ, ದನ ಕೂಡ ಒಂದು ಹಂತದ ನಂತರ ಮೂಸುವುದಿಲ್ಲ" ಅಂದರು ಪಕ್ಕದ ತೋಟದವರು.

ದನ ಮೂಸದ ಈ ಹಣ್ಣಿನಲ್ಲಿ ಕಿತ್ತಳೆಯ ನಾಲ್ಕೈದು ಪಟ್ಟು ವಿಟಮಿನ್ ಸಿ ಇದೆ, 100 ಗ್ರಾಂಗೆ ಸುಮಾರು 200 ಮಿಲಿಗ್ರಾಂ. ನಾವು ಮಾತ್ರ ಮಕ್ಕಳಿಗೆ ಜ್ವರ ಬಂದರೆ ಪುತ್ತೂರು ಪೇಟೆಯಿಂದ ಕಿತ್ತಳೆ ತರುತ್ತೇವೆ.

ತಾತ್ಸಾರಕ್ಕೆ ಕಾರಣ ಇಲ್ಲವೆಂದಲ್ಲ. ಒಗರು. ತಿಂದರೆ ಗಂಟಲು ಕೆರೆತ. ರಸ ಬಿದ್ದ ಅಂಗಿಯ ಕಲೆ ಹೋಗುವುದಿಲ್ಲ (ಶಾಲೆಗೆ ಹೋಗುವಾಗ ಉಪ್ಪು-ಮೆಣಸಿನ ಪುಡಿ ಕಟ್ಟಿಕೊಂಡು ಹೋಗಿ ತಿಂದು, ಅಂಗಿಗಾಗಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದವರಿಗೆ ಗೊತ್ತು). ಬಿದ್ದ ಮರುದಿನವೇ ಕೊಳೆಯುತ್ತದೆ. ಇಷ್ಟರ ಮೇಲೆ ಗೇರುಹಣ್ಣು ಎಂದರೆ ಕಳ್ಳಭಟ್ಟಿ ಎಂಬ ಹೆಸರು ಬೇರೆ. ಹಣ್ಣು ಹೆಕ್ಕಿ ಮನೆಗೆ ಒಯ್ದರೆ ನೋಡಿದವರು ಒಂದು ನಗು ನಗುತ್ತಾರೆ.

ಗೋವಾದವರು ಆ ನಗುವಿಗೆ ತಲೆಕೆಡಿಸಿಕೊಳ್ಳಲಿಲ್ಲ. ಗೇರುಹಣ್ಣಿನಿಂದ ಇಳಿಸುವ ಅವರ ಮದ್ಯ ಫೆನಿಗೆ 2009ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೇ ಸಿಕ್ಕಿತು. ಅಲ್ಲಿ ಹಣ್ಣಿಗೂ ಗಿರಾಕಿ ಇದ್ದಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಬ್ರೆಜಿಲ್‌ನವರ ಕೆಲಸ. ಪೋರ್ಚುಗೀಸರು ಈ ಮರ ತಂದದ್ದೇ ಅಲ್ಲಿಂದ. ಅಲ್ಲಿನ ಪಿಯಾವಿ ರಾಜ್ಯದಲ್ಲಿ ರಸದ ಒಗರು ತೆಗೆದು, ಸೋಸಿ, ಬಾಟಲಿಯಲ್ಲೇ ಜೇನುಬಣ್ಣ ಬರುವವರೆಗೆ ಕಾಯಿಸುತ್ತಾರೆ. ಕಾಜುಯಿನಾ ಅಂತ ಹೆಸರು, ಅಮಲಿನ ಸೋಂಕಿಲ್ಲ. 2014ರಲ್ಲಿ ಬ್ರೆಜಿಲ್ ಅದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಮರ ತಂದೆವು, ಹಣ್ಣಿನ ವಿದ್ಯೆ ಅಲ್ಲೇ ಬಿಟ್ಟು ಬಂದೆವು.

ಒಗರು ತೆಗೆಯುವುದು ಬ್ರಹ್ಮವಿದ್ಯೆಯಲ್ಲ. ಸೋಸಿದ ರಸಕ್ಕೆ ಸಾಬಕ್ಕಿಯ ತೆಳು ಗಂಜಿ ಬೆರೆಸಿ, ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟರೆ ಒಗರು ಗಷ್ಟಾಗಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಬಗ್ಗಿಸಿ, ಸಕ್ಕರೆ ಲಿಂಬೆ ಹಾಕಿದರೆ ಶರಬತ್ತು. ಗೇರು ಸಂಶೋಧನಾ ನಿರ್ದೇಶನಾಲಯ ಇರುವುದೂ ನಮ್ಮ ಪುತ್ತೂರಲ್ಲೇ. ತಂತ್ರಜ್ಞಾನಕ್ಕೆ ಬರ ಇಲ್ಲ, ಹಣ್ಣನ್ನು ಬಿದ್ದ ದಿನವೇ ಎತ್ತಿಕೊಂಡು ಹೋಗುವವರು ಇಲ್ಲ.

ಆದರೆ ಬೆಳಗ್ಗೆ ಕರೆದ ಹಾಲು ಮಧ್ಯಾಹ್ನದೊಳಗೆ ಕೆಡುತ್ತದೆ ಅಂತ ನಾವೇನು ಹಾಲು ಚೆಲ್ಲುತ್ತೇವಾ? ಊರೂರಲ್ಲಿ ಸೊಸೈಟಿ ಮಾಡಿ, ಕ್ಯಾನು ತಂಪು ಮಾಡಿ, ಎರಡು ಲೀಟರ್ ತಂದವರಿಗೂ ಬರೆದಿಟ್ಟು ಹಣ ಕೊಡುವ ವ್ಯವಸ್ಥೆ ಕಟ್ಟಿದ್ದೇವೆ. ಗೇರುಹಣ್ಣಿಗೆ ಬೇಕಾದದ್ದೂ ಅದೇ. ದೊಡ್ಡ ಫ್ಯಾಕ್ಟರಿ ಬೇಡ. ರಸ ಹಿಂಡುವ ಒಂದು ಯಂತ್ರ, ತಂಪಿನ ಟ್ಯಾಂಕು, ಅಲ್ಲೇ ತೂಕ. ಗೇರುಬೀಜಕ್ಕೆ ಆಫ್ರಿಕಾದ ಆಮದು ನೋಡಿ ದರ ಏರಿಳಿಯುತ್ತದೆ. ಹಣ್ಣು ಹಾಗಲ್ಲ, ಆಫ್ರಿಕಾದಿಂದ ಬರುವಷ್ಟು ದಿನ ಅದು ತಾಳುವುದಿಲ್ಲ.

ಗೇರಿನ ಸೀಸನ್ ಎರಡು ಮೂರು ತಿಂಗಳು, ಉಳಿದ ದಿನ ಯಂತ್ರ ತುಕ್ಕು ಹಿಡಿಯುತ್ತದಲ್ಲ ಅಂತ ಕೇಳಬಹುದು, ನ್ಯಾಯವಾದ ಪ್ರಶ್ನೆ. ಗೇರು ಮುಗಿಯುವಾಗ ಪುನರ್ಪುಳಿ (ಕೋಕಂ) ಹಣ್ಣಾಗಿರುತ್ತದೆ, ಹಲಸು ಇರುತ್ತದೆ. ಅವೂ ಮರದಡಿಯಲ್ಲೇ ಕೊಳೆಯುವವು.

ಇನ್ನೊಂದು ಮಾತು. ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲವನ್ನು ಕೊಕ್ಕಡದಂಥ ಊರುಗಳು ಇನ್ನೂ ಉಣ್ಣುತ್ತಿವೆ. ಬೀಜಕ್ಕಾದರೆ ಗಟ್ಟಿ ಸಿಪ್ಪೆ ಇದೆ, ಹಣ್ಣಿಗೆ ಅದೂ ಇಲ್ಲ. ಹಾಗಾಗಿ ವಿಷ ಹೊಡೆದ ತೋಟದ ಹಣ್ಣನ್ನು ಸೊಸೈಟಿ ಬಾಗಿಲಲ್ಲೇ ವಾಪಸು ಕಳಿಸಬೇಕು.

ಆವತ್ತು ನಾನು ತಂದದ್ದು ಅರ್ಧ ಬಕೆಟ್ ಹಣ್ಣು. ಮರುದಿನ ಬೆಳಗ್ಗೆ ಪಕ್ಕದ ತೋಟದವರಿಗೆ ಒಂದು ಲೋಟ ಶರಬತ್ತು ಕೊಟ್ಟೆ. ಕುಡಿದು, "ಯಾವ ಹಣ್ಣಿನದ್ದು ಇದು?" ಅಂದರು. ಹೇಳಿದೆ. ಲೋಟ ಮೂಸಿ ನೋಡಿ ಇನ್ನೊಂದು ಸಲ ಮುಂದೆ ಹಿಡಿದರು.