ಪತ್ತನಾಜೆಗೆ ಮೇಳದ ಗೆಜ್ಜೆ, ನನ್ನ ಕಾರಿನ ವೀಲ್ ಕ್ಯಾಪ್

ಆಫೀಸಿನ ಹುಡುಗನೊಬ್ಬ ಮೊನ್ನೆ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡ. ಚಕ್ರ ಬೋಳು ಬೋಳು, ರಿಮ್ ಮುಚ್ಚುವ ಪ್ಲಾಸ್ಟಿಕ್ ತಟ್ಟೆ, ಅಂದ್ರೆ ವೀಲ್ ಕ್ಯಾಪ್, ಇಲ್ಲ. "ಸರ್, ವೀಲ್ ಕ್ಯಾಪ್ ಹಾಕಿಸ್ಲಾ, ಸುಮ್ನೆ ದುಡ್ಡು ದಂಡವಾ?" ಅಂತ ಕೇಳಿದ. ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಮಾರಾಯ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಚಕ್ರ ನೋಡಿಯೇ ಕಾರಿನ ಜಾತಕ ಹೇಳುವವರಿದ್ದಾರೆ. ಮದುವೆ ಹಾಲ್ ಅಂಗಳದಲ್ಲಿ ನಿಂತರೆ ಸಾಕು, ಬೋಳು ಸ್ಟೀಲ್ ರಿಮ್ ಅಂದ್ರೆ ಬೇಸ್ ಮಾಡೆಲ್, ಕ್ಯಾಪ್ ಇದ್ದರೆ ನಡುವಿನದ್ದು, ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಇದ್ದರೆ ಟಾಪ್. ನಾನೂ ಹೀಗೇ ಮರ್ಯಾದೆಗೆ ಹೆದರಿ ಕ್ಯಾಪ್ ಹಾಕಿಸಿದವನು. 14 ಇಂಚಿನ ನಾಲ್ಕು ಕ್ಯಾಪ್, ಲೋಕಲ್ ಸೆಟ್, 900 ರೂಪಾಯಿ. ಹಾಕಿದ ದಿನ ಕಾರು ಹೊಸ ಶರ್ಟು ಹಾಕಿಕೊಂಡ ಹಾಗೆ ಕಾಣುತ್ತಿತ್ತು, ಸುಳ್ಳು ಹೇಳಬಾರದು.

ಮೂರನೇ ತಿಂಗಳಿಗೆ ಒಂದು ಹೋಯಿತು. ಮಂಗಳೂರಿನ ಕೂಳೂರು ಸೇತುವೆ ದಾಟಿ ಸ್ವಲ್ಪ ಮುಂದೆ ನೀರು ತುಂಬಿದ ಹೊಂಡಕ್ಕೆ ಇಳಿದೆ. ಟಪ್ ಅಂತ ಒಂದು ಸದ್ದು. ಕನ್ನಡಿಯಲ್ಲಿ ನೋಡಿದರೆ ನನ್ನ ಕ್ಯಾಪ್ ಚಕ್ರಕ್ಕಿಂತ ಚೆನ್ನಾಗಿ ಉರುಳಿಕೊಂಡು ಎಡಕ್ಕೆ ಹೋಗುತ್ತಿತ್ತು. ಹಿಂದೆ ಎಕ್ಸ್‌ಪ್ರೆಸ್ ಬಸ್ಸು. ಅದರ ಮುಂದೆ ಬ್ರೇಕ್ ಹಾಕುವ ಧೈರ್ಯ ಯಾರಿಗೆ ಉಂಟು?

ಅದು ಕೂತಿರುವುದೇ ಹಿಂದಿನ ಪ್ಲಾಸ್ಟಿಕ್ ಹಲ್ಲು ಮತ್ತು ಒಂದು ತಂತಿ ರಿಂಗಿನ ಬಲದಲ್ಲಿ. ರಿಂಗ್ ಹಲ್ಲನ್ನು ಹೊರಗೆ ತಳ್ಳುತ್ತದೆ, ಹಲ್ಲು ರಿಮ್ಮಿನ ಅಂಚನ್ನು ಕಚ್ಚುತ್ತದೆ. ಎರಡು ಹಲ್ಲು ಮುರಿದರೆ ಕಥೆ ಮುಗಿಯಿತು. ಅದಕ್ಕೇ ಟ್ಯಾಕ್ಸಿಯವರು ಎರಡು ಕಡೆ ಕೇಬಲ್ ಟೈ ಬಿಗಿಯುತ್ತಾರೆ. ಚಂದ ಕಾಣುವುದಿಲ್ಲ, ಆದರೆ ಕ್ಯಾಪ್ ಇರುತ್ತದೆ.

ಕ್ಯಾಪ್ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಉಳಿದ ಮೂರನ್ನು ಬಿಚ್ಚಿದಾಗ ಒಳಗೆ ಕಂಡದ್ದಕ್ಕೆ ಬೇಜಾರಾಯಿತು. ಕೆಂಪು ಕೆಸರು, ಮಲ್ಪೆ ಬೀಚಿನ ಹೊಯಿಗೆ, ಬ್ರೇಕಿನ ಕಪ್ಪು ಪುಡಿ, ಎಲ್ಲ ಸೇರಿ ಹಿಟ್ಟಿನ ಹಾಗೆ ಕೂತಿತ್ತು. ಮುಟ್ಟಿದರೆ ಒದ್ದೆ. ಮಳೆ ನಿಂತು ಮೂರು ದಿನ ಆಗಿತ್ತು! ಉಗುರಿನಲ್ಲಿ ಕೆರೆದರೆ ಪೇಂಟ್ ಪದರವೇ ಎದ್ದು ಬಂತು, ಅಡಿಯಲ್ಲಿ ತುಕ್ಕು. ರಿಮ್ ಮುಚ್ಚಿದರೆ ತುಕ್ಕು ಹಿಡಿಯುವುದಿಲ್ಲ ಅಂತ ಅಂದುಕೊಂಡಿದ್ದೆ. ಉಪ್ಪು ಗಾಳಿಯ ಊರಲ್ಲಿ ಒದ್ದೆ ಹೊಯಿಗೆಯನ್ನು ಕಬ್ಬಿಣಕ್ಕೆ ಒತ್ತಿ ಹಿಡಿದರೆ ಇನ್ನೇನಾಗುತ್ತದೆ? ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಾಗ ಇದು. ಬೋಳು ರಿಮ್ ಆದರೆ ಮಳೆಯೇ ತೊಳೆಯುತ್ತದೆ, ಗಾಳಿಯೇ ಒಣಗಿಸುತ್ತದೆ.

ಇನ್ನೊಂದು ಚಕ್ರದಲ್ಲಿ ಅದಕ್ಕಿಂತ ದೊಡ್ಡ ವಿಷಯ ಇತ್ತು. ವಾರದ ಹಿಂದೆ ಪಂಕ್ಚರ್ ಹಾಕಿಸಿದ್ದೆ. ಅಂಗಡಿಯವ ನಾಲ್ಕರಲ್ಲಿ ಒಂದು ನಟ್ಟನ್ನು ಕೈಯಲ್ಲಿ ತಿರುಗಿಸಿ, ಸ್ಪ್ಯಾನರ್ ಹಾಕಲು ಮರೆತು, ಮೇಲೆ ಕ್ಯಾಪ್ ಬಡಿದು ಕಳಿಸಿದ್ದ. ಎರಡೇ ಬೆರಳಲ್ಲಿ ತಿರುಗಿತು ಅದು. ಅದೇ ಚಕ್ರದಲ್ಲಿ ಆ ಭಾನುವಾರ ಮರವಂತೆವರೆಗೆ ಹೋಗಿ ಬಂದಿದ್ದೇನೆ, ಹೆಂಡತಿ ಮಕ್ಕಳ ಜೊತೆ. ಬೋಳು ಚಕ್ರವಾಗಿದ್ದರೆ ನಟ್ಟು ಕಣ್ಣಿಗೆ ಬೀಳುತ್ತಿತ್ತು.

ಹಾಗಾದರೆ ಅಲಾಯ್ ಹಾಕು ಅನ್ನುತ್ತೀರಿ. ಭಾವನವರ ಕಾರಿಗೆ ಉಂಟು. ಶಿರಾಡಿ ಘಾಟಿಯಲ್ಲಿ ಒಂದು ಹೊಂಡಕ್ಕೆ ಬಿದ್ದು ಕೂದಲೆಳೆ ಬಿರುಕು ಬಂತು, ದಿನಾ ಬೆಳಿಗ್ಗೆ ಗಾಳಿ ಕಮ್ಮಿ. ಹೊಸ ರಿಮ್ಮೇ ಆಯಿತು ಕೊನೆಗೆ. ಸ್ಟೀಲ್ ರಿಮ್ ಬಿರುಕು ಬಿಡುವ ಮೊದಲು ಸೊಟ್ಟಗಾಗುತ್ತದೆ. ನನ್ನದು ಒಮ್ಮೆ ಅಂಚು ಮಡಚಿದಾಗ ಟೈರಿನವರು ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಹಾಕಿ ಸರಿ ಮಾಡಿಕೊಟ್ಟರು. ನಮ್ಮ ರಸ್ತೆಗೆ ಸ್ಟೀಲೇ ಸರಿ ಅಂತ ನನ್ನ ವಾದ.

ಪ್ಲಾಸ್ಟಿಕ್ ಅಂತ ಮೂಗು ಮುರಿಯುವವರಿಗೂ ಒಂದು ಮಾತು. ಟೆಸ್ಲಾದವರು ಮಾಡೆಲ್ 3 ಕಾರಿಗೆ ಅಲಾಯ್ ಮೇಲೆಯೇ ಪ್ಲಾಸ್ಟಿಕ್ ಕವರ್ ಹಾಕಿ ಕೊಟ್ಟರು, ಗಾಳಿ ಚಕ್ರಕ್ಕೆ ತಡೆಯಾಗದೆ ನುಣ್ಣಗೆ ಹರಿದು ಹೋಗಲಿ ಅಂತ. ನಮ್ಮ 900 ರೂಪಾಯಿಯದ್ದಕ್ಕೆ ಅಂಥ ಗುಣ ಏನೂ ಇಲ್ಲ ಬಿಡಿ. ಅದು ಬರೀ ಚಂದಕ್ಕೆ. ಚಂದ ಬೇಡ ಅಂತ ನಾನು ಹೇಳುವುದಿಲ್ಲ.

ಈಗ ಹೊಸ ಸೆಟ್ಟಿಗೆ ನಾನು ಮಾಡುವುದು ಇಷ್ಟು. ಮೇ ತಿಂಗಳ ಕೊನೆಯ ವಾರ ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ) ಬರುತ್ತದಲ್ಲ, ಯಕ್ಷಗಾನ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ, ನಾನು ವೀಲ್ ಕ್ಯಾಪ್ ಬಿಚ್ಚುತ್ತೇನೆ. ರಿಮ್ ತೊಳೆದು, ತುಕ್ಕು ಬಂದಲ್ಲಿ ಮರಳುಕಾಗದ ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ಕಪ್ಪು ಸ್ಪ್ರೇ ಪೇಂಟ್. ಇಡೀ ಮಳೆಗಾಲ ಕಾರು ಬೋಳು. ದೀಪಾವಳಿ ಕಳೆದು ಮೇಳ ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಕ್ಯಾಪ್ ವಾಪಸ್, ಕೇಬಲ್ ಟೈ ಸಮೇತ. ಹಾಕುವಾಗ ಗಾಳಿ ಹಾಕುವ ವಾಲ್ವು ಕ್ಯಾಪಿನ ಕಂಡಿಯ ಸರಿ ನಡುವೆ ಬರಬೇಕು. ಒತ್ತಿಕೊಂಡು ಕೂತರೆ ವಾಲ್ವಿನ ರಬ್ಬರು ತಿಂದು ಹಾಕುತ್ತದೆ.

ಹುಡುಗನಿಗೆ ಹೇಳುವುದಾದರೆ, ಹಾಕಿಸು, ಆದರೆ ಈಗ ಬೇಡ. ಜೂನ್ ನಡೆಯುತ್ತಿದೆ. ನವೆಂಬರಿಗೆ ಬಾ, ಒಟ್ಟಿಗೆ ಹೋಗಿ ತರೋಣ. ಒಂದೆರಡು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡು. ಸ್ವಲ್ಪ ಬಾಗಿ ವಾಪಸ್ ಬರುವುದನ್ನು ತಗೋ. ಗಾಜಿನ ಹಾಗೆ ಕಟ್ ಕಟ್ ಅನ್ನುವುದು ಮೊದಲ ರೋಡ್ ಹಂಪ್‌ಗೇ ಹೋಗುತ್ತದೆ.

ಹಳೆ ಸೆಟ್ಟಿನಲ್ಲಿ ಉಳಿದ ಮೂರೂ ವ್ಯರ್ಥ ಆಗಲಿಲ್ಲ. ಹಿತ್ತಲಿನಲ್ಲಿ ಬಸಳೆ ನೆಟ್ಟ ಅಮ್ಮ, ಕೋಳಿ ಕೆದಕದ ಹಾಗೆ ಒಂದೊಂದು ಬುಡಕ್ಕೆ ಒಂದೊಂದು ಕವುಚಿ ಹಾಕಿದ್ದಾರೆ. ಕಂಡಿಯಿಂದ ಬಳ್ಳಿ ಹೊರಗೆ ಬಂದಾಗಿದೆ. "ನಾಲ್ಕನೆಯದ್ದು ಎಲ್ಲಿ ಬಿಸಾಡಿದೆ?" ಅಂತ ಕೇಳುತ್ತಿದ್ದಾರೆ.